ಐದು ಜಲಪಾತ, ಒಂದು ವ್ಯಾನು

ಎತ್ತಿ ಹಿಡಿದ ಕೊಡೆಯ ಹಿಂದೆ ಸಾಲುಗಟ್ಟಿ ನಡೆಯುವ ಪ್ರವಾಸ ನನಗೆ ಎಂದೂ ಹಿಡಿಸಿದ್ದಿಲ್ಲ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಇನ್ನೊಬ್ಬರು ಗಡಿಯಾರ ನೋಡಿ ಹೇಳುವುದಾದರೆ ಮನೆಯಲ್ಲಿ ಕುಳಿತು ಚಿತ್ರ ನೋಡಬಾರದೇ ಎಂದು ವಾದಿಸುತ್ತಿದ್ದವನು ನಾನು. ಆದರೆ ಆಸ್ಟ್ರೇಲಿಯಾದ ಕೇರ್ನ್ಸ್ ಪಟ್ಟಣದಲ್ಲಿ ನನಗೆ ಸಿಕ್ಕಿದ್ದು ಒಂದೇ ಬಿಡುವಿನ ದಿನ. ಏಪ್ರಿಲ್ ತಿಂಗಳ ಕೊನೆ. ಕ್ವೀನ್ಸ್‌ಲ್ಯಾಂಡಿನ ಈ ಉತ್ತರ ಭಾಗದಲ್ಲಿ ಡಿಸೆಂಬರಿನಲ್ಲಿ ಹಿಡಿದ ಮಳೆಗಾಲ ಏಪ್ರಿಲ್‌ವರೆಗೂ ಎಳೆಯುತ್ತದೆ. ಆ ತಿಂಗಳುಗಳಲ್ಲಿ ಕಡಲಿಗೆ ಇಳಿಯುವಂತೆಯೂ ಇಲ್ಲ, ತೀರದ ನೀರಿನಲ್ಲಿ ಜೀವಕ್ಕೇ ಎರವಾಗಬಲ್ಲ ಅಂಬಲಿ ಮೀನುಗಳಿರುತ್ತವೆ. ಈಜಬೇಕೆಂದರೆ ಬೆಟ್ಟ ಹತ್ತಿ ಸಿಹಿನೀರಿಗೇ ಹೋಗಬೇಕು. ಆ ಬೆಟ್ಟಕ್ಕೆ, ಅಂದರೆ ಅಥರ್ಟನ್ ಪ್ರಸ್ಥಭೂಮಿಗೆ, ಹತ್ತುವ ಗಿಲ್ಲೀಸ್ ರಸ್ತೆಯಲ್ಲಿ ಹತ್ತೊಂಬತ್ತು ಕಿಲೋಮೀಟರಿಗೆ 263 ತಿರುವುಗಳು. ಬಾಡಿಗೆ ಕಾರು, ಜಡಿಮಳೆ, 263 ತಿರುವು ಮೂರನ್ನೂ ಕೂಡಿಸಿ ನೋಡಿದೆ. ಮರುಮಾತಾಡದೆ ಹನ್ನೊಂದು ಜನರ ವ್ಯಾನಿನಲ್ಲಿ ಒಂದು ಸೀಟು ಕಾಯ್ದಿರಿಸಿದೆ.

ವ್ಯಾನು ಓಡಿಸುವವರೂ ದಾರಿ ತೋರಿಸುವವರೂ ಒಬ್ಬರೇ. ಐವತ್ತು ದಾಟಿದ ಮಹಿಳೆ, ಮಂಡಿಯವರೆಗೆ ಕೆಸರಿನ ಕಲೆ ಕೂತ ಖಾಕಿ ಚಡ್ಡಿ. ಬೆಳಿಗ್ಗೆ ಏಳಕ್ಕೆ ಹತ್ತಿದವರ ಕಾಲುಗಳನ್ನೇ ಮೊದಲು ನೋಡಿದರು. ನನ್ನ ರಬ್ಬರ್ ಚಪ್ಪಲಿ ನೋಡಿ ಏನೂ ಹೇಳಲಿಲ್ಲ, ಹಿಂಬದಿಯ ಪೆಟ್ಟಿಗೆಯಿಂದ ಒಂದು ಜೊತೆ ಹಳೆಯ ಕ್ಯಾನ್ವಾಸ್ ಬೂಟು ತೆಗೆದು ನನ್ನ ಮುಂದಿಟ್ಟರು. ಸ್ವಲ್ಪ ಬಿಗಿಯಾಗಿತ್ತು. ಸಂಜೆಯ ಹೊತ್ತಿಗೆ ಅದು ನನ್ನ ಕಾಲಿನ ಚರ್ಮವೇ ಆಗಿಹೋಗಿತ್ತು ಎನ್ನಿ. ಪಾಚಿ ಕಟ್ಟಿದ ಒದ್ದೆ ಬಂಡೆಯ ಮೇಲೆ ಚಪ್ಪಲಿ ಒಂದು ಕಡೆ ಹೋದರೆ ಕಾಲು ಇನ್ನೊಂದು ಕಡೆ ಹೋಗುತ್ತದೆ. ಬರಿಗಾಲು ಅದಕ್ಕಿಂತ ವಾಸಿ, ಆದರೆ ನೀರಿನೊಳಗಿನ ಚೂಪು ಕಲ್ಲು ಬರಿಗಾಲನ್ನು ಬಿಡುವುದಿಲ್ಲ. ನೆನೆದರೂ ಬೇಸರವಿಲ್ಲದ, ಹಿಮ್ಮಡಿಗೆ ಬಿಗಿದು ಕಟ್ಟುವ ಹಳೆಯ ಬೂಟೇ ಸರಿ.

ಗಾರ್ಡನ್‌ವೇಲ್‌ವರೆಗೆ ಎರಡೂ ಕಡೆ ಕಬ್ಬಿನ ಗದ್ದೆ, ಆಮೇಲೆ ತಿರುವುಗಳು. ಮುಂದಿನ ಸೀಟು ಹಿಡಿದದ್ದೊಂದೇ ಅಂದಿನ ನನ್ನ ಸ್ವಂತ ಜಾಣತನ. ಹಿಂದಿನ ಸಾಲಿನ ಇಬ್ಬರು ನೂರನೆಯ ತಿರುವಿನ ಹೊತ್ತಿಗೆ ಮಾತು ನಿಲ್ಲಿಸಿ ಕಿಟಕಿಗೆ ಹಣೆ ಆನಿಸಿದ್ದರು.

ಮೇಲೆ ಹತ್ತಿದ ಮೇಲೆ ನೇರವಾಗಿ ಜಲಪಾತಕ್ಕೆ ಹೋಗುತ್ತೇವೆ ಎಂದುಕೊಂಡಿದ್ದರೆ ವ್ಯಾನು ಈಚಮ್ ಸರೋವರದ ದಡದಲ್ಲಿ ನಿಂತಿತು. ಅದು ಜ್ವಾಲಾಮುಖಿಯ ಬಾಯಿ. ಕೆಳಗಿನಿಂದ ಏರಿಬಂದ ಶಿಲಾಪಾಕ ಅಂತರ್ಜಲಕ್ಕೆ ತಗಲಿ, ಹಬೆ ಸಿಡಿದು ನೆಲವೇ ಹಾರಿಹೋದ ಗುಂಡಿ. ಸುಮಾರು 65 ಮೀಟರ್ ಆಳ, ಒಳಗೆ ಬರುವ ಹಳ್ಳವಿಲ್ಲ, ಹೊರಗೆ ಹೋಗುವ ತೊರೆಯೂ ಇಲ್ಲ. ಬಿದ್ದ ಮಳೆಯೇ ಸರೋವರ. ಅಲ್ಲಿಂದ ಮುಂದೆ ಯಂಗಬರಾ ಬಳಿಯ ಪರದೆ ಆಲ. ಆಲದ ಜಾತಿಯ ಮರವೊಂದು ಇನ್ನೊಂದು ಮರದ ಮೇಲೆ ಹುಟ್ಟಿ, ಬಿಳಲು ಬಿಟ್ಟು ಅದನ್ನು ಹಿಚುಕಿದೆ. ಆಧಾರದ ಮರ ಪಕ್ಕದ ಮರಕ್ಕೆ ಓರೆಯಾಗಿ ಒರಗಿದಾಗ ಬಿಳಲುಗಳು ಆ ಓರೆಯ ಉದ್ದಕ್ಕೂ ಇಳಿದು, ಹದಿನೈದು ಮೀಟರ್ ಎತ್ತರದ ಪರದೆಯಾಗಿ ನೆಲ ಮುಟ್ಟಿವೆ. ಹಿಚುಕಿಸಿಕೊಂಡ ಮರ ಕೊಳೆತುಹೋಗಿ ಎಷ್ಟೋ ಕಾಲವಾಯಿತು. ಕೊಲೆಗಾರ ಮಾತ್ರ ತಲೆ ಎತ್ತಿ ನಿಂತಿದ್ದಾನೆ.

ಜಲಪಾತ ನೋಡಲು ಬಂದವರಿಗೆ ಕೆರೆ ಮರ ಯಾಕೆ ಎಂದು ನನಗೆ ಒಳಗೊಳಗೇ ಅಸಹನೆ. ಕಾರಣ ಮಧ್ಯಾಹ್ನ ಹೊತ್ತಿಗೆ ತಾನಾಗಿ ತಿಳಿಯಿತು. ಒಂದಾದ ಮೇಲೊಂದು ಜಲಪಾತ ನೋಡಿದರೆ ಮೂರನೆಯದರ ಹೊತ್ತಿಗೆ ಕಣ್ಣು ಜಡ್ಡುಗಟ್ಟುತ್ತದೆ. ಮೇಲಿಂದ ಕೆಳಗೆ ನೀರು ಬೀಳುತ್ತಿದೆ, ಅಷ್ಟೇ ತಾನೇ ಅನ್ನಿಸಿಬಿಡುತ್ತದೆ. ಮೊದಲೇ ನಿಂತ ನೀರೊಂದನ್ನು, ನಿಂತ ಮರವೊಂದನ್ನು ಇಟ್ಟದ್ದು ಲೆಕ್ಕ ಹಾಕಿಯೇ.

ಮೊದಲ ಜಲಪಾತ ಮಲಾಂಡಾ. ಜಲಪಾತ ಎನ್ನುವುದಕ್ಕಿಂತ ಅಗಲವಾದ ಒಂದು ಮೆಟ್ಟಿಲು ಎನ್ನಬಹುದು. ಕೆಳಗಿನ ಮಡುವಿಗೆ ಅಂಚು ಕಟ್ಟಿ ಈಜುಕೊಳ ಮಾಡಿದ್ದಾರೆ. ಇಷ್ಟಕ್ಕೇ ಇಷ್ಟು ದೂರ ಬಂದೆನೇ ಎಂದುಕೊಳ್ಳುತ್ತಿರುವಾಗ ಮಾರ್ಗದರ್ಶಿ ಎಲ್ಲರನ್ನೂ ಕಾಡಿನ ಅಂಚಿಗೆ ಕರೆದು ಮರದ ತುದಿ ತೋರಿಸಿದರು. ಎಲೆಗಳ ನಡುವಿನಿಂದ ಕಪ್ಪು ಹಗ್ಗದಂಥದ್ದೊಂದು ನೇತಾಡುತ್ತಿತ್ತು. ಮರ ಹತ್ತುವ ಕಾಂಗರೂ! ಐದು ನಿಮಿಷ ಕತ್ತು ನೋಯುವಂತೆ ನೋಡಿದರೂ ನಮಗೆ ದಕ್ಕಿದ್ದು ಬಾಲ ಮಾತ್ರ. ನಾನೊಬ್ಬನೇ ಬಂದಿದ್ದರೆ ಅದನ್ನು ಬಳ್ಳಿ ಎಂದೇ ತಿಳಿದು ಮುಂದೆ ಹೋಗುತ್ತಿದ್ದೆ.

ದಾರಿಯಂಚಿನಲ್ಲಿ ಹೃದಯದಾಕಾರದ ಎಲೆಯ, ಮೃದುವಾದ ಗಿಡವೊಂದಿತ್ತು. ಸವರಬೇಕು ಅನ್ನಿಸುವಷ್ಟು ಚೆಂದ. ಅವರು ತೋಳು ಅಡ್ಡ ಹಿಡಿದು ತಡೆದರು. ಗಿಂಪಿ ಗಿಂಪಿ ಎಂಬ ತುರಿಚೆಯ ಜಾತಿ. ಎಲೆಯ ತುಂಬ ಗಾಜಿನಂಥ ಸೂಕ್ಷ್ಮ ಮುಳ್ಳುಗೂದಲು, ಚರ್ಮದಲ್ಲಿ ಮುರಿದುಕೊಂಡರೆ ನೋವು ತಿಂಗಳುಗಟ್ಟಲೆ ಮರುಕಳಿಸುತ್ತದೆ. ಮರ ಬಿದ್ದು ಬಿಸಿಲು ಇಳಿಯುವ ಜಾಗದಲ್ಲಿ, ಅಂದರೆ ನಾವು ನಡೆಯುವ ದಾರಿಯ ಅಂಚಿನಲ್ಲೇ, ಅದು ಚೆನ್ನಾಗಿ ಬೆಳೆಯುತ್ತದೆ. ಅದರ ಪಕ್ಕದಲ್ಲೇ ಕಾಡುಬೆತ್ತ. ಅದರ ಕೊಕ್ಕೆಮುಳ್ಳು ಅಂಗಿ ಹಿಡಿದರೆ ಹಿಂದಕ್ಕೆ ಹೆಜ್ಜೆ ಇಟ್ಟು ಬಿಡಿಸಿಕೊಳ್ಳಬೇಕು. ಅಲ್ಲಿಯವರು ಅದನ್ನು ಕರೆಯುವ ಹೆಸರಿಗೆ ‘ಸ್ವಲ್ಪ ತಾಳು’ ಎಂದರ್ಥ. ಇದಕ್ಕಿಂತ ಒಪ್ಪುವ ಹೆಸರು ಗಿಡಕ್ಕೆ ಇಡಲಾಗದು.

ಮಿಲ್ಲಾ ಮಿಲ್ಲಾ ಊರಿನಾಚೆ ಸುಮಾರು ಹದಿನೇಳು ಕಿಲೋಮೀಟರಿನ ಒಂದು ಸುತ್ತುದಾರಿ ಇದೆ. ಮಿಲ್ಲಾ ಮಿಲ್ಲಾ, ಜಿಲ್ಲಿ, ಎಲ್ಲಿಂಜಾ ಎಂಬ ಮೂರು ಜಲಪಾತಗಳು ಅದರ ಮೇಲೇ ಸಿಗುತ್ತವೆ. ಸುತ್ತ ಹಸು ಮೇಯುವ ಹುಲ್ಲುಗಾವಲು, ನಡುವೆ ಕಾಡಿನ ಒಂದು ಸೀಳು, ಅದರೊಳಗೆ ಜಲಪಾತ. ಮಿಲ್ಲಾ ಮಿಲ್ಲಾ ನೋಡಿದೊಡನೆ ಯಾಕೆ ಎಲ್ಲರೂ ಇದರದ್ದೇ ಚಿತ್ರ ತೆಗೆಯುತ್ತಾರೆ ಎಂದು ಅರ್ಥವಾಯಿತು. ಸುಮಾರು 18 ಮೀಟರ್ ಎತ್ತರದಿಂದ ಒಂದೇ ಅಗಲಕ್ಕೆ, ಇಸ್ತ್ರಿ ಮಾಡಿದ ಪಂಚೆಯಂತೆ ಇಳಿಯುವ ನೀರು. ಎರಡೂ ಪಕ್ಕ ಮರಜರೀಗಿಡ, ಕೆಳಗೆ ದುಂಡನೆಯ ಮಡು.

“ನೀರನ್ನು ಆಮೇಲೆ ನೋಡಿ, ಮೊದಲು ಅದರ ಪಕ್ಕದ ಗೋಡೆ ನೋಡಿ” ಎಂದರು ಮಾರ್ಗದರ್ಶಿ. ಗೋಡೆ ಕಪ್ಪು ಬಸಾಲ್ಟ್. ಲಾವಾ ಹರಿದು, ಆರುತ್ತ ಕುಗ್ಗುವಾಗ ಕೆಸರು ಒಣಗಿದಂತೆ ಬಿರುಕು ಬಿಡುತ್ತದೆ. ಬಿರುಕು ಮೇಲಿಂದ ಕೆಳಕ್ಕೆ ಇಳಿದಂತೆ ಕಲ್ಲು ನಿಂತ ಕಂಬಗಳಾಗಿ ಸೀಳುತ್ತದೆ. ಬೀಳುವ ನೀರು ಬುಡವನ್ನು ಕೊರೆಯುತ್ತದೆ, ಬುಡ ಟೊಳ್ಳಾದಾಗ ಮೇಲಿನ ಕಂಬ ನೇರವಾಗಿ ಕಳಚಿ ಬೀಳುತ್ತದೆ. ಹಾಗಾಗಿ ಜಲಪಾತ ಹಿಂದೆ ಹಿಂದೆ ಸರಿದರೂ ಗೋಡೆ ಗೋಡೆಯಾಗಿಯೇ ಉಳಿಯುತ್ತದೆ, ನೀರು ಎಲ್ಲೂ ತಗಲದೆ ಪರದೆಯಾಗಿ ಬೀಳುತ್ತದೆ. ಈ ನಾಲ್ಕು ವಾಕ್ಯ ಕೇಳಿದ ಮೇಲೆ ನನ್ನ ಪಾಲಿಗೆ ಆ ದಿನ ಬೇರೆಯಾಯಿತು. ಅಲ್ಲಿಯವರೆಗೆ ಜಲಪಾತ ಎಂದರೆ ನೀರು ಎಂದುಕೊಂಡಿದ್ದೆ.

ಇಲ್ಲಿ ನಾನು ನೀರಿಗಿಳಿದೆ. ಬೆಟ್ಟದ ಮೇಲಿನ ನೀರು, ಉಸಿರು ಕಟ್ಟುವಷ್ಟು ತಣ್ಣಗೆ. ಪರದೆಯ ಹತ್ತಿರ ಹೋದಂತೆ ಒಂದು ವಿಚಿತ್ರ ಅನುಭವ: ಕೈಕಾಲು ಅಷ್ಟೇ ಬಡಿದರೂ ದೇಹ ತೇಲದು, ಗಲ್ಲದವರೆಗಿದ್ದ ನೀರು ಮೂಗಿಗೆ ಬಂತು. ಬೀಳುವ ನೀರು ತನ್ನೊಡನೆ ಗಾಳಿಯನ್ನು ಎಳೆದು ತಂದು ನೊರೆ ಮಾಡುತ್ತದೆ. ಅರ್ಧ ಗಾಳಿಯಾದ ನೀರು ಮನುಷ್ಯನನ್ನು ಹೊರುವುದಿಲ್ಲ. ಮೇಲಾಗಿ, ಧುಮುಕಿದ ನೀರು ತಳಕ್ಕೆ ಹೋಗಿ ಹೊರಳುವಾಗ ಮೇಲ್ಪದರ ಮತ್ತೆ ಬೀಳುವ ಕಡೆಗೇ ಸೆಳೆಯುತ್ತದೆ. ಈಜು ಬಲ್ಲವರೂ ಸೋಲುವುದು ಇಲ್ಲಿಯೇ. ಬಿಳಿ ನೊರೆಯ ಹೊರಗೆ, ಕಪ್ಪು ನೀರಿನಲ್ಲಿ ಇರಿ ಎಂದು ಅವರು ದಡದಿಂದಲೇ ಕೂಗಿದರು, ನಾನು ಮರುಮಾತಿಲ್ಲದೆ ಹಿಂದೆ ಸರಿದೆ. ಧಾರೆಯ ನೇರ ಕೆಳಗೆ ನಿಲ್ಲುವುದಕ್ಕೂ ಬಿಡಲಿಲ್ಲ. ಮೇಲಿಂದ ಬರುವುದು ಬರೀ ನೀರೇ ಆಗಬೇಕೆಂದಿಲ್ಲ, ಕಲ್ಲೂ ಕೊರಡೂ ಬರಬಹುದು.

ಇಲ್ಲಿ ಒಂದು ತಪ್ಪು ಮಾಡಿದೆ. ಬದಲಿ ಬಟ್ಟೆ ಒಂದೇ ಜೊತೆ ತಂದಿದ್ದೆ, ಅದನ್ನು ಈಗಲೇ ಉಟ್ಟುಬಿಟ್ಟೆ. ಮುಂದಿನ ಮೂರು ಕಡೆಯ ತುಂತುರಿಗೆ ಅದೂ ತೊಯ್ದು, ಎ.ಸಿ. ಹಾಕಿದ ವ್ಯಾನಿನಲ್ಲಿ ಹಲ್ಲು ಕಟಕಟ ಎನ್ನುತ್ತ ಕುಳಿತೆ. ಐದು ಜಲಪಾತದ ದಿನ ಎಂದರೆ ದಿನವಿಡೀ ಒದ್ದೆ ಎಂದೇ ಲೆಕ್ಕ. ಒಣ ಬಟ್ಟೆಯನ್ನು ಕೊನೆಯ ನಿಲುಗಡೆಯವರೆಗೆ ಮುಟ್ಟಬಾರದು. ಪಕ್ಕದ ಸೀಟಿನ ಅಜ್ಜಿ ತನ್ನ ಟವೆಲ್ ಹೊದಿಸದಿದ್ದರೆ ನೆಗಡಿ ಗ್ಯಾರಂಟಿ.

ಜಿಲ್ಲಿಯನ್ನು ಮೇಲಿನಿಂದ ನೋಡಬೇಕು. ನೀರು ಅಂಚು ದಾಟಿ ಕಾಣೆಯಾಗುವ ಕ್ಷಣ ಮಾತ್ರ ಕಣ್ಣಿಗೆ ಸಿಗುತ್ತದೆ, ಉಳಿದದ್ದು ಸದ್ದು. ಬುಡಕ್ಕೆ ಇಳಿಯುವ ಕಾಲುದಾರಿ ಕೆಸರಾಗಿತ್ತು, ಬೇರು ಹಿಡಿದು ಅರ್ಧ ಇಳಿದವನು ಕಾಲಿಗೆ ಹತ್ತಿದ ಇಂಬಳ ಕಿತ್ತುಹಾಕುತ್ತ ಹಿಂದಿರುಗಿದೆ. ಎಲ್ಲಿಂಜಾ ಹೆಸರು ಕೇಳಿ ನನಗೆ ‘ಎಲ್ಲಿಂದ’ ಎಂದೇ ಕೇಳಿಸಿತು. ನೋಡಿದರೆ ಆ ಪ್ರಶ್ನೆ ಸರಿಯೇ ಇತ್ತು: ಕಂಬಗಳು ಮುರಿದು ಅಡ್ಡಾದಿಡ್ಡಿ ಬಿದ್ದಲ್ಲಿ ನೀರು ಎಲ್ಲೆಲ್ಲಿಂದಲೋ ಜಿನುಗಿ, ಸೀಳಿ, ಮತ್ತೆ ಕೂಡಿ ಇಳಿಯುತ್ತಿತ್ತು. ಮಿಲ್ಲಾ ಮಿಲ್ಲಾದ ಅಚ್ಚುಕಟ್ಟು ಇಲ್ಲಿಲ್ಲ. ನನಗೆ ಇದೇ ಹೆಚ್ಚು ಹಿಡಿಸಿತು. ಅಲ್ಲಿ ಬೇರೆ ಯಾರೂ ಇರಲಿಲ್ಲ ಎಂಬುದೂ ಅದಕ್ಕೊಂದು ಕಾರಣವಿರಬಹುದು.

ಪ್ರಸ್ಥಭೂಮಿ ಇಳಿದು ಇನಿಸ್‌ಫೇಲ್ ಕಡೆಯಿಂದ ಜೋಸೆಫಿನ್ ಜಲಪಾತಕ್ಕೆ ಬಂದಾಗ ಮೂರು ಗಂಟೆ. ಅದರ ನೆತ್ತಿಯ ಮೇಲೆ ಬಾರ್ಟಲ್ ಫ್ರಿಯರ್, 1600 ಮೀಟರಿಗೂ ಹೆಚ್ಚು ಎತ್ತರದ, ಕ್ವೀನ್ಸ್‌ಲ್ಯಾಂಡಿನ ಅತಿ ಎತ್ತರದ ಶಿಖರ. ಮುಂಬಯಿಯ ಗವರ್ನರ್ ಆಗಿದ್ದ ಅದೇ ಫ್ರಿಯರ್ ಹೆಸರು ಈ ಕಾಡಿನ ಬೆಟ್ಟಕ್ಕೂ ಅಂಟಿಕೊಂಡಿದೆ. ಪಕ್ಕದ ಬೆಲೆಂಡನ್ ಕರ್ ಬೆಟ್ಟದ ತುದಿಯಲ್ಲಿ ವರ್ಷಕ್ಕೆ ಸರಾಸರಿ 8000 ಮಿಲಿಮೀಟರ್ ಮಳೆ. 2000ನೇ ಇಸವಿಯಲ್ಲಿ 12,000 ಮಿಲಿಮೀಟರನ್ನೂ ದಾಟಿತ್ತು. ಇಡೀ ಪ್ರದೇಶದ ಮಳೆಕಾಡು 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ.

ಇಲ್ಲಿ ಗೋಡೆಯಿಲ್ಲ, ಪರದೆಯಿಲ್ಲ. ಕಲ್ಲು ಗ್ರಾನೈಟ್. ನೆಲದಾಳದಲ್ಲಿ ನಿಧಾನವಾಗಿ ಆರಿದ, ಕಂಬಗಳಾಗಿ ಸೀಳದ ಗಟ್ಟಿ ಕಲ್ಲು. ನೀರು ಅದನ್ನು ಮುರಿಯಲಾಗದೆ ಉಜ್ಜಿ ಉಜ್ಜಿ ನುಣುಪು ಮಾಡಿದೆ. ಹೀಗಾಗಿ ನೀರು ಧುಮುಕುವುದಿಲ್ಲ, ಜಾರುತ್ತದೆ. ಕೆಳಗಿನ ಬಂಡೆಯಂತೂ ಪ್ರಕೃತಿಯೇ ಮಾಡಿಟ್ಟ ಜಾರುಬಂಡೆ. ವ್ಯಾನಿನ ಯುವಕರು ಬೆಳಿಗ್ಗೆಯಿಂದ ಕಾದದ್ದು ಇದಕ್ಕೇ. ಮೇಲಿನ ಮಡುವಿಗೆ ಪ್ರವೇಶವೇ ನಿಷಿದ್ಧ, ಕೆಳಗಿನದರಲ್ಲಿ ಆಡಬಹುದು.

ಮಾರ್ಗದರ್ಶಿ ನೋಡುವ ಕಟ್ಟೆಯಲ್ಲಿ ನಿಂತು ನೀರನ್ನಲ್ಲ, ಬೆಟ್ಟವನ್ನು ನೋಡಿದರು. ಶಿಖರ ಕಾಣುತ್ತಿರಲಿಲ್ಲ, ಕಪ್ಪು ಮೋಡ. ನಾವು ನಿಂತಲ್ಲಿ ಒಳ್ಳೆಯ ಬಿಸಿಲು. ಆಮೇಲೆ ನೀರಿಗೆ ಬಾಗಿ, ತೇಲಿಬರುತ್ತಿದ್ದ ಹಸಿರೆಲೆಗಳನ್ನು ತೋರಿಸಿ, “ಇವತ್ತು ಯಾರೂ ಇಳಿಯುವುದು ಬೇಡ” ಎಂದರು. ಒಣಗಿದ ಎಲೆಯಾದರೆ ಚಿಂತೆಯಿಲ್ಲವಂತೆ. ಹಸಿರೆಲೆ, ಚಿಗುರು ಕಡ್ಡಿ ಬರುತ್ತಿದ್ದರೆ ಮೇಲೆ ಎಲ್ಲೋ ಮಳೆ ಹೊಡೆಯುತ್ತಿದೆ ಎಂದು ಅವರ ಲೆಕ್ಕ. ನುಣ್ಣನೆಯ ಗ್ರಾನೈಟ್ ನೀರು ಹೀರುವುದಿಲ್ಲ, ತಡೆಯುವುದೂ ಇಲ್ಲ. ಶಿಖರದಲ್ಲಿ ಬಿದ್ದ ಮಳೆ ಕೆಳಗಿನ ಬಿಸಿಲಿಗೆ ಒಂದು ಮಾತೂ ಹೇಳದೆ ಬಂದುಬಿಡುತ್ತದೆ.

ಒಬ್ಬ ಯುವಕ ಸಿಟ್ಟಾದ. ಬೇರೆ ಗುಂಪಿನವರು ಅಲ್ಲಿ ಜಾರುತ್ತಿದ್ದರು, ನಗುತ್ತಿದ್ದರು. ನಾವು ದುಡ್ಡು ಕೊಟ್ಟು ಬಂದದ್ದು ನೋಡುತ್ತ ನಿಲ್ಲುವುದಕ್ಕೇ ಎಂದು ಕೇಳಿದ. ಮಾರ್ಗದರ್ಶಿ ವಾದಿಸಲಿಲ್ಲ, ಒಪ್ಪಲೂ ಇಲ್ಲ. ನಾವು ಅರ್ಧ ಗಂಟೆ ಅಲ್ಲಿಯೇ ಇದ್ದೆವು. ನೀರು ಏರಲಿಲ್ಲ. ಜಾರುತ್ತಿದ್ದವರು ಜಾರಿ ಮುಗಿಸಿ, ತಲೆ ಒರೆಸಿಕೊಂಡು ನಮ್ಮ ಮುಂದೆಯೇ ಹಾದುಹೋದರು. ಯುವಕ ಏನೂ ಹೇಳದೆ ಅವರ ಕಡೆ ಕೈ ತೋರಿಸಿದ. “ಹೌದು, ಇವತ್ತು ಬರಲಿಲ್ಲ” ಎಂದರು ಮಾರ್ಗದರ್ಶಿ, ಅಷ್ಟೇ. ನಾನಾಗಿದ್ದರೆ ಖಂಡಿತ ಇಳಿಯುತ್ತಿದ್ದೆ. ಏನೂ ಆಗದೆ ಮೇಲೆ ಬಂದು, ಮುಂದಿನ ಸಲವೂ ಇಳಿಯುತ್ತಿದ್ದೆ.

ಕೊನೆಯದು ಬಬಿಂಡಾ ಬಂಡೆಗಳು. ಜಲಪಾತವಲ್ಲ, ಹೊಳೆಯ ತುಂಬ ಆನೆಗಾತ್ರದ ದುಂಡು ಗ್ರಾನೈಟ್, ನಡುವೆ ಹಸಿರು ನೀರು. ಈಜಲು ಬಿಟ್ಟ ಜಾಗ ಬೇರೆ. ಕೆಳಗಿನ ಇಕ್ಕಟ್ಟಿನಲ್ಲಿ ಸುಳಿಯಿದೆ, ಅಲ್ಲಿ ಹಲವರು ಸತ್ತಿದ್ದಾರೆ. ಊಲಾನಾ ಎಂಬ ಹುಡುಗಿ ಪ್ರಿಯಕರನನ್ನು ಅಗಲಲಾರದೆ ಈ ನೀರಿಗೆ ಹಾರಿದ ಕಥೆಯನ್ನು ಇಲ್ಲಿನ ಯಿದಿಂಜಿ ಜನ ಹೇಳುತ್ತಾರೆ. ಉಳಿದವರು ಮೇಲಿನ ಮಡುವಿನಲ್ಲಿ ಈಜಿ ವ್ಯಾನಿಗೆ ಹೋದರು. ನಾನು ಒಂದು ಬಂಡೆಯ ಮೇಲೆ ಅಂಗೈ ಇಟ್ಟುಕೊಂಡು, ಬೆಳಿಗ್ಗೆಯ ಕಪ್ಪು ಕಂಬಗಳಿಗೂ ಇದಕ್ಕೂ ಒಂದೇ ಮಳೆಯಲ್ಲವೇ ಎಂದು ಯೋಚಿಸುತ್ತ ನಿಂತುಬಿಟ್ಟೆ. ಹಾರ್ನ್ ಎರಡು ಸಲ ಕೇಳಿಸಿತು. ಮೂರನೆಯ ಸಲಕ್ಕೆ ಓಡಿದೆ. ಹತ್ತು ಜನ ಒದ್ದೆ ಬಟ್ಟೆಯಲ್ಲಿ ನನಗಾಗಿ ಕಾಯುತ್ತಿದ್ದರು.