ಜನವರಿಯ ಮ್ಯಾರಥಾನ್‌ಗೆ ಜೂನ್‌ನಿಂದಲೇ: ಮುಂಬೈ ಹವೆಗೆ ನಾನು ಮಾಡಿಕೊಂಡ ಪ್ಲಾನ್

ಮುಂಬೈ ಮ್ಯಾರಥಾನ್ ನಡೆಯುವುದು ಜನವರಿಯ ಮೂರನೇ ಭಾನುವಾರ. ಸಿಗುವ ಟ್ರೈನಿಂಗ್ ಪ್ಲಾನ್‌ಗಳು ಹೆಚ್ಚಾಗಿ 16 ಅಥವಾ 18 ವಾರದವು. ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ ಮಧ್ಯದಲ್ಲಿ ಶುರು ಮಾಡಬೇಕು, ಅಕ್ಟೋಬರ್ ಬರುವಷ್ಟರಲ್ಲಿ ಉದ್ದುದ್ದ ಟೆಂಪೋ ಓಟ, ಅಂದರೆ ನಿಲ್ಲಿಸದೆ ಒಂದೇ ಸಮನೆ ಜೋರಾಗಿ ಓಡುವುದು, ಬರುತ್ತದೆ. ಯುರೋಪಿನಲ್ಲಿ ಕೂತು ಬರೆದವರಿಗೆ ಇದು ಸರಿ, ಅಲ್ಲಿ ಆ ಹೊತ್ತಿಗೆ ದಿನದಿನಕ್ಕೆ ತಂಪಾಗುತ್ತಾ ಹೋಗುತ್ತದೆ. ನಮ್ಮಲ್ಲಿ? ಮಳೆ ಹೋಗಿರುತ್ತದೆ, ಬಿಸಿಲು ಬಂದಿರುತ್ತದೆ, ಗಾಳಿಯ ತೇವ ಮಾತ್ರ ಹಾಗೇ ಕೂತಿರುತ್ತದೆ. 'ಅಕ್ಟೋಬರ್ ಹೀಟ್' ಅಂತ ಈ ಊರಿನವರು ಸುಮ್ನೆ ಹೆಸರಿಟ್ಟಿಲ್ಲ.

ಹಾಗಾಗಿ ನಾನು ವಾರ ಎಣಿಸುವುದಿಲ್ಲ, ಹವೆ ನೋಡಿ ಕೆಲಸ ಹಂಚುತ್ತೇನೆ. ಮಳೆಗಾಲದಲ್ಲಿ ನಿಧಾನದ ಓಟ, ಅಕ್ಟೋಬರ್‌ನಲ್ಲಿ ಚಿಕ್ಕ ಚಿಕ್ಕ ವೇಗದ ಓಟ, ಗಾಳಿ ಒಣಗಿದ ಮೇಲೆ ನವೆಂಬರ್-ಡಿಸೆಂಬರ್‌ನಲ್ಲಿ ಮ್ಯಾರಥಾನಿನ ನಿಜವಾದ ಕೆಲಸ. ನನ್ನದು ಬ್ಯಾಂಕ್ ನೌಕರಿ, ಮಾಟುಂಗದಲ್ಲಿ ಮನೆ, ಗುರಿ 3 ಗಂಟೆ 15 ನಿಮಿಷ. ಅಂದರೆ ಕಿಲೋಮೀಟರಿಗೆ 4 ನಿಮಿಷ 37 ಸೆಕೆಂಡಿನ ಪೇಸ್, ಚಿಕ್ಕದಾಗಿ 4:37. ಇದಕ್ಕಿಂತ ಬಹಳ ವೇಗದವರೂ ಈ ಕ್ರಮ ಹಿಡಿಯಬಹುದು, ಪೇಸ್ ಅಷ್ಟೇ ಬದಲಾಗುತ್ತದೆ.

ಮೊದಲು ಜೂನ್‌ನಿಂದ ಸೆಪ್ಟೆಂಬರ್. ಈ ನಾಲ್ಕು ತಿಂಗಳಿಗೆ ಜನ ಬೆಲೆ ಕೊಡುವುದಿಲ್ಲ, ನನಗೆ ಎಲ್ಲಕ್ಕಿಂತ ಮುಖ್ಯ ಇದೇ. ನಿಧಾನದ ಓಟ ಜಾಸ್ತಿ ಆದಷ್ಟೂ ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ಜೀವಕೋಶಗಳೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಹೆಚ್ಚುತ್ತವೆ, ಕೊಬ್ಬನ್ನು ಉರಿಸಿ ಓಡುವುದು ಮೈಗೆ ರೂಢಿಯಾಗುತ್ತದೆ. ಇದೇನು ಹೊಸ ಮಾತಲ್ಲ. ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ ಇದನ್ನೇ ಮಾಡಿಸುತ್ತಿದ್ದರು. 800 ಮೀಟರ್ ಓಡುವ ಪೀಟರ್ ಸ್ನೆಲ್‌ನನ್ನೂ ಆಕ್ಲೆಂಡ್ ಪಕ್ಕದ ಗುಡ್ಡಗಳಲ್ಲಿ 35 ಕಿ.ಮೀ. ಸುತ್ತಿಸುತ್ತಿದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ 800 ಮೀಟರ್ ಗೆದ್ದ, ಅದೇ ದಿನ ಇನ್ನೊಬ್ಬ ಶಿಷ್ಯ ಮರ್ರೆ ಹಾಲ್ಬರ್ಗ್ 5000 ಮೀಟರ್ ಗೆದ್ದ. ಲಿಡಿಯಾರ್ಡ್ ಹೇಳುತ್ತಿದ್ದ ವಾರಕ್ಕೆ 160 ಕಿ.ಮೀ. ಲೋಕಲ್ ಹಿಡಿದು ಆಫೀಸಿಗೆ ಹೋಗುವವರಿಗಲ್ಲ ಬಿಡಿ. ನಾನು 60ರಿಂದ ಶುರು ಮಾಡಿ, ಮೂರು ವಾರ ಸ್ವಲ್ಪ ಸ್ವಲ್ಪ ಏರಿಸಿ, ನಾಲ್ಕನೇ ವಾರ ಇಳಿಸಿ, ಹೀಗೇ ಮಾಡುತ್ತಾ ಸೆಪ್ಟೆಂಬರ್ ಕೊನೆಗೆ 80-85ಕ್ಕೆ ತರುತ್ತೇನೆ.

ನಿಧಾನ ಅಂದರೆ ಎಷ್ಟು ನಿಧಾನ? ಒಣ ಹವೆಯಲ್ಲಿ ನನಗೆ 5:40 ಆರಾಮ. ಜುಲೈನಲ್ಲಿ ಅದೇ ಆರಾಮಕ್ಕೆ 6:10 ಆಗುತ್ತದೆ, ಕೆಲವು ದಿನ ಇನ್ನೂ ಜಾಸ್ತಿ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಸುರಿಯುತ್ತದೆ, ಆದರೆ ಆರುವುದಿಲ್ಲ. ಆರದ ಬೆವರು ಮೈ ತಣಿಸುವುದಿಲ್ಲ. ಆಗ ಶಾಖ ಹೊರಹಾಕಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಕಾಲಿಗೂ ಚರ್ಮಕ್ಕೂ ಎರಡಕ್ಕೂ ಒದಗಿಸಲು ಹೃದಯ ಜೋರಾಗಿ ಬಡಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ವಾಚ್ ತೋರಿಸುವ ಪೇಸನ್ನು ನಾನು ನೋಡುವುದೇ ಇಲ್ಲ. ಉಸಿರು ನೋಡುತ್ತೇನೆ. ನಮ್ಮ ಗುಂಪಿನಲ್ಲಿ ಕುಂದಾಪುರದ ಕಡೆಯ ಒಬ್ಬ ಅಣ್ಣ ಇದ್ದಾರೆ, ಹೋಟೆಲ್ ನೋಡಿಕೊಳ್ಳುವವರು. ಶಿವಾಜಿ ಪಾರ್ಕ್ ಸುತ್ತುವಾಗ ಯಾರ ಮಾತು ತುಂಡು ತುಂಡಾದರೂ ಸಾಕು, "ಮಾತಾಡ್ಲಿಕ್ಕೆ ಆಗುದಿಲ್ವಾ? ಹಾಗಾದ್ರೆ ನಿಧಾನ ಮಾಡು ಮಾರಾಯ, ಇವತ್ತು ರೇಸ್ ಅಲ್ಲ" ಅನ್ನುತ್ತಾರೆ. ಇದಕ್ಕಿಂತ ಒಳ್ಳೆಯ ಹಾರ್ಟ್ ರೇಟ್ ಮಾನಿಟರ್ ನನಗೆ ಸಿಕ್ಕಿಲ್ಲ.

ಕಾಲು ಪೂರ್ತಿ ಜಡವಾಗಬಾರದಲ್ಲ, ಅದಕ್ಕೆ ವಾರದಲ್ಲಿ ಎರಡು ದಿನ ಓಟದ ಕೊನೆಯಲ್ಲಿ 20 ಸೆಕೆಂಡಿನ ಸ್ಟ್ರೈಡ್ಸ್, ಅಂದರೆ ಹಗುರವಾಗಿ ವೇಗ ಏರಿಸಿ ಓಡುವುದು, ಆರು ಸಲ. ವಾರಕ್ಕೊಮ್ಮೆ ಏರು. ಬೋರಿವಲಿಯ ನ್ಯಾಷನಲ್ ಪಾರ್ಕಿನಲ್ಲಿ ಕಾನ್ಹೇರಿ ಗುಹೆಗಳಿಗೆ ಹೋಗುವ ರಸ್ತೆ ಇದಕ್ಕೆ ಚೆನ್ನ, ಮರದ ನೆರಳಿದೆ, ವಾಹನ ಕಡಿಮೆ. ದೂರ ಅನ್ನುವವರಿಗೆ ಮಲಬಾರ್ ಹಿಲ್ ಇದೆ.

ಮಳೆಯದ್ದೇ ಕೆಲವು ತಾಪತ್ರಯ. ಎರಡು ಜೊತೆ ಶೂ ಇಟ್ಟುಕೊಳ್ಳಿ, ಒದ್ದೆ ಜೊತೆಯೊಳಗೆ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ. ತೊಡೆ, ಕಂಕುಳಿಗೆ ವ್ಯಾಸಲಿನ್ ಬೇಕೇ ಬೇಕು. ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್ ಕಡೆ ನೀರು ನಿಂತಾಗ ಅದರೊಳಗೆ ಓಡಿ ಶೌರ್ಯ ತೋರಿಸಬೇಡಿ. ಇಲಿ ಜ್ವರ, ಅದೇ ಲೆಪ್ಟೊಸ್ಪೈರೋಸಿಸ್, ಇಂಥ ನೀರಿನಿಂದಲೇ ಬರುತ್ತದೆ. ಕಾಲಲ್ಲಿ ಒಂದು ಚಿಕ್ಕ ಗಾಯ ಇದ್ದರೂ ಸಾಕು. ನಿಂತ ನೀರಲ್ಲಿ ನಡೆಯಲೇಬೇಕಾಗಿ ಬಂದರೆ ಮನೆಗೆ ಹೋಗಿ ಸೋಪು ಹಾಕಿ ತೊಳೆದು ಡಾಕ್ಟರನ್ನು ಕೇಳಿ.

ಅಕ್ಟೋಬರ್‌ನಲ್ಲಿ ಉದ್ದದ ಟೆಂಪೋಗೆ ನಾನು ಕೈ ಹಾಕುವುದಿಲ್ಲ. 400 ಮೀಟರ್ ಓಡಲು ಒಂದೂವರೆ ನಿಮಿಷ ಸಾಕು, ಅಷ್ಟರಲ್ಲಿ ಮೈ ಅಷ್ಟೊಂದು ಕಾಯುವುದಿಲ್ಲ. ಪ್ರಿಯದರ್ಶಿನಿ ಪಾರ್ಕಿನ ಟ್ರ್ಯಾಕ್‌ನಲ್ಲಿ 400ರ ಹತ್ತು ಓಟ, ಮಧ್ಯೆ ಉಸಿರು ಪೂರ್ತಿ ಹಿಡಿತಕ್ಕೆ ಬರುವ ತನಕ ನಡಿಗೆ. ಉಳಿದ ದಿನ ಮತ್ತೆ ನಿಧಾನ. ಸೆಕೆಯಲ್ಲಿ ಓಡಿದ್ದೂ ದಂಡ ಅಲ್ಲ. ಹತ್ತರಿಂದ ಹದಿನಾಲ್ಕು ದಿನ ಸೆಕೆಗೆ ಒಡ್ಡಿಕೊಂಡರೆ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ.

ದೀಪಾವಳಿ ಆದ ಮೇಲೆ ಒಂದು ಬೆಳಗ್ಗೆ ಎದ್ದಾಗ ಕಿಟಕಿಯ ಗಾಳಿಯೇ ಬೇರೆ ಅನ್ನಿಸುತ್ತದೆ. ಅಲ್ಲಿಂದ ಡಿಸೆಂಬರ್ ಕೊನೆಯ ತನಕ ನನ್ನ ಕಷ್ಟದ ಕೆಲಸ. ವಾರಕ್ಕೆ ಎರಡೇ. ಒಂದು, ಮಂಗಳವಾರ ಥ್ರೆಶೋಲ್ಡ್ ಓಟ: ಸುಮಾರು ಒಂದು ಗಂಟೆ ಹಿಡಿದಿಡಬಲ್ಲ ವೇಗದಲ್ಲಿ 3 ಕಿ.ಮೀ. ಮೂರು ಸಲ, ನಡುವೆ ಎರಡು ನಿಮಿಷ ಜಾಗಿಂಗ್. ಇನ್ನೊಂದು, ಭಾನುವಾರದ ಲಾಂಗ್ ರನ್. ಮಾಟುಂಗದಿಂದ ವರ್ಲಿ, ಹಾಜಿ ಅಲಿ, ಪೆಡ್ಡರ್ ರೋಡ್, ಮರೀನ್ ಡ್ರೈವ್, ಅದೇ ದಾರಿಯಲ್ಲಿ ವಾಪಸ್. ನಾಲ್ಕೂವರೆಗೆ ಮನೆ ಬಿಡುತ್ತೇನೆ. ಒಂದು ವಾರ 30-32 ಕಿ.ಮೀ. ಸುಮ್ನೆ ಆರಾಮವಾಗಿ, ಮರುವಾರ 26-28, ಅದರಲ್ಲಿ ಕೊನೆಯ 12 ಕಿ.ಮೀ. ರೇಸ್ ಪೇಸ್‌ನಲ್ಲಿ. ದಣಿದ ಕಾಲಿನಲ್ಲಿ 4:37 ಹೇಗಿರುತ್ತದೆ ಅಂತ ಗೊತ್ತಾಗಬೇಕಾದ್ದು ಇಲ್ಲಿಯೇ, ಜನವರಿಯಲ್ಲಿ ಅಲ್ಲ.

ಗುರಿ ಸರಿಯಿದೆಯಾ ಅಂತ ನೋಡಲು ಡಿಸೆಂಬರ್‌ನಲ್ಲಿ ಒಂದು ಹಾಫ್ ಮ್ಯಾರಥಾನ್ ಪೂರ್ತಿ ಜೋರಿನಲ್ಲಿ ಓಡುತ್ತೇನೆ, ವಸಯಿ-ವಿರಾರ್ ಕಡೆ ಆ ಹೊತ್ತಿಗೆ ಒಳ್ಳೆಯ ರೇಸ್ ಇರುತ್ತದೆ. ಹಾಫ್ ಸಮಯವನ್ನು 2.085ರಿಂದ ಗುಣಿಸಿದರೆ ಫುಲ್‌ನ ಅಂದಾಜು ಸಿಗುತ್ತದೆ. 1:32 ಬಂದರೆ 3:12 ಆಸುಪಾಸು. ಮುಂಬೈ ಸೆಕೆಗೆ ಮೂರು ನಿಮಿಷ ಸೇರಿಸಿದರೆ ನನ್ನ 3:15. ಹಾಫ್ 1:36 ಬಂದವರು 3:15ರ ಆಸೆ ಬಿಟ್ಟು 3:25 ಇಟ್ಟುಕೊಳ್ಳುವುದು ಒಳ್ಳೆಯದು. ಬೇಜಾರಾಗುತ್ತದೆ, ಆದರೆ ಆಸೆಗೆ ತಕ್ಕಂತೆ ಕಾಲು ಓಡುವುದಿಲ್ಲ.

ಚಳಿಗಾಲದಲ್ಲಿ ಇನ್ನೊಂದು ಕಾಟ, ಹೊಗೆ-ಧೂಳು. ಗಾಳಿ ನಿಂತಿರುತ್ತದೆ, ಬೆಳಗ್ಗೆ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು ಧೂಳನ್ನು ಮೇಲಕ್ಕೆ ಬಿಡುವುದಿಲ್ಲ. ಗಾಳಿ ಎಷ್ಟು ಕೆಟ್ಟಿದೆ ಅಂತ ತೋರಿಸುವ ಎಕ್ಯೂಐ 200 ದಾಟಿದ ದಿನ ಕಷ್ಟದ ಓಟವನ್ನು ಮರುದಿನಕ್ಕೆ ತಳ್ಳುತ್ತೇನೆ. ಒಂದು ಕಷ್ಟದ ಓಟ ತಪ್ಪಿದರೆ ಏನೂ ಆಗುವುದಿಲ್ಲ, ಎದೆ ಕಟ್ಟಿದರೆ ಎರಡು ವಾರ ಹೋಗುತ್ತದೆ.

ಊಟದ ಬಗ್ಗೆ ಎಲ್ಲರೂ ಜಾಸ್ತಿ ಮಾತಾಡುತ್ತಾರೆ, ನಾನು ಎರಡೇ ಹೇಳುತ್ತೇನೆ. ಮ್ಯಾರಥಾನ್ ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ಸ್ (ಸಕ್ಕರೆ-ಪಿಷ್ಟ) ಹೊಟ್ಟೆಗೆ ಬೀಳಬೇಕು. ಓಡುತ್ತಾ ನುಂಗುವ ಸಿಹಿ ಪೇಸ್ಟಿನ ಪೊಟ್ಟಣ, ಅದೇ ಜೆಲ್, ಒಂದರಲ್ಲಿ ಸಾಮಾನ್ಯವಾಗಿ 20-25 ಗ್ರಾಂ ಇರುತ್ತದೆ, ದೊಡ್ಡ ಬಾಳೆಹಣ್ಣಿನಲ್ಲೂ ಸುಮಾರು ಅಷ್ಟೇ. ನಾನು ನಿಧಾನದ ಲಾಂಗ್ ರನ್‌ನಲ್ಲಿ ಖರ್ಜೂರ ತಿನ್ನುತ್ತೇನೆ, ವೇಗದ ದಿನ ಅಗಿಯಲು ಆಗುವುದಿಲ್ಲ, ಜೆಲ್ಲೇ. ಯಾವುದಾದರೂ ಸರಿ, ಹೊಟ್ಟೆಗೆ ಮೊದಲೇ ರೂಢಿ ಇರಬೇಕು. ಇನ್ನೊಂದು, ನಮ್ಮಂಥ ಸಸ್ಯಾಹಾರಿಗಳು ಫೆರಿಟಿನ್ ಪರೀಕ್ಷೆ, ಅಂದರೆ ಮೈಯಲ್ಲಿ ಎಷ್ಟು ಕಬ್ಬಿಣ ಕೂಡಿದೆ ಅಂತ ತೋರಿಸುವ ರಕ್ತ ಪರೀಕ್ಷೆ, ಮಾಡಿಸಿಕೊಳ್ಳಬೇಕು. ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ದಾಸ್ತಾನು ಖಾಲಿ ಇರಬಹುದು. ಮತ್ತೆ, ಊಟದ ಜೊತೆಗೇ ಕಾಫಿ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಮಾಟುಂಗದಲ್ಲಿದ್ದುಕೊಂಡು ಇಡ್ಲಿ ಆದ ಮೇಲೆ ಒಂದು ಗಂಟೆ ಕಾಫಿಗೆ ಕಾಯುವುದು ಅಂದರೆ, ನಿಜ ಹೇಳುತ್ತೇನೆ, ಪೆಡ್ಡರ್ ರೋಡ್ ಹತ್ತುವುದೇ ಸುಲಭ.

ಕೊನೆಯ ಮೂರು ವಾರ ದೂರ ಇಳಿಸುತ್ತಾ ಬಂದು ಅರ್ಧಕ್ಕೆ ತರುತ್ತೇನೆ, ವೇಗ ಮಾತ್ರ ಇಳಿಸುವುದಿಲ್ಲ. ಸಂಕ್ರಾಂತಿ ರೇಸಿಗೆ ಸ್ವಲ್ಪ ದಿನ ಮುಂಚೆ ಬರುತ್ತದೆ, ಮನೆಯಲ್ಲಿ ಎಳ್ಳು-ಬೆಲ್ಲ, ಪಕ್ಕದ ಮನೆಯಿಂದ ತಿಳ್‌ಗುಳ್. ಬೆಲ್ಲ ಓಕೆ, ಎಳ್ಳು-ಕೊಬ್ಬರಿ ಕಡಿಮೆ. ಶುಕ್ರವಾರ, ಶನಿವಾರ ದೇಹದ ತೂಕದ ಕಿಲೋಗೆ 8-10 ಗ್ರಾಂ ಕಾರ್ಬ್ಸ್ ಲೆಕ್ಕದಲ್ಲಿ ಅನ್ನ, ಗಂಜಿ, ಇಡ್ಲಿ, ಬಾಳೆಹಣ್ಣು. 62 ಕಿಲೋದವನಿಗೆ ದಿನಕ್ಕೆ 500 ಗ್ರಾಂ ಮೇಲೆ. ತಿಂದು ನೋಡಿದರೆ ಗೊತ್ತಾಗುತ್ತದೆ ಅದು ಎಷ್ಟು ಅನ್ನ ಅಂತ.

ರೇಸ್ ಶುರುವಾಗುವಾಗ ಇನ್ನೂ ಕತ್ತಲೆ. ಜನವರಿಯಲ್ಲಿ ಮುಂಬೈ ಸೂರ್ಯ ಹುಟ್ಟುವುದು ಏಳೂಕಾಲಿಗೆ, ಹಾಗಾಗಿ ಮೊದಲ ಎರಡು ಗಂಟೆ ತಂಪು, ಮರೀನ್ ಡ್ರೈವ್‌ನಲ್ಲಿ ಎಲ್ಲರೂ ನುಗ್ಗುತ್ತಾರೆ. ನಾನು ಮೊದಲ 5 ಕಿ.ಮೀ. 4:45ರಲ್ಲಿ ಹೋಗುತ್ತೇನೆ, ಆಮೇಲೆ ಹಿಡಿಯಲು ಬೇಕಾದಷ್ಟು ರಸ್ತೆ ಇದೆ. ಬಾಯಾರಿಕೆಗೆ ತಕ್ಕಷ್ಟೇ ನೀರು. ದಾರಿಯ ಪ್ರತಿ ನೀರಿನ ಟೇಬಲ್‌ನಲ್ಲೂ ಲೋಟಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅದೇ ಅಪಾಯ. ಸುಮಾರು 35 ಕಿ.ಮೀ. ಹೊತ್ತಿಗೆ ಪೆಡ್ಡರ್ ರೋಡ್ ಏರು ಬರುತ್ತದೆ. ಅಲ್ಲಿ ವಾಚ್ ನೋಡಬೇಡಿ, ಉಸಿರು ಅಷ್ಟೇ ನೋಡಿ. ಇಪ್ಪತ್ತು ಸೆಕೆಂಡ್ ಹೋದರೆ ಹೋಗಲಿ, ಹೆಜ್ಜೆ ಚಿಕ್ಕದು ಮಾಡಿ. ಅರ್ಧದಷ್ಟು ಕೆಂಪ್ಸ್ ಕಾರ್ನರ್ ಕಡೆಗಿನ ಇಳಿಜಾರಿನಲ್ಲಿ ವಾಪಸ್ ಸಿಗುತ್ತದೆ. ಕೊನೆಯ ಜೆಲ್ಲನ್ನು ಏರು ಶುರುವಾಗುವ ಮೊದಲೇ ತಗೊಳ್ಳಿ, ಹತ್ತುವಾಗ ನುಂಗಲು ಆಗುವುದಿಲ್ಲ.