ಡ್ಯಾಶ್‌ಬೋರ್ಡ್ ಬಿಚ್ಚಿದ ಮೇಲೆಯೇ ಮುಂಗಾಜು: ಹಳೆಯ ಎಂಜಿಬಿಯೊಂದಿಗೆ ನನ್ನ ಅನುಭವ

ನನ್ನ ಬಳಿ ಇರುವುದು 1970ರ ಎಂಜಿಬಿ ರೋಡ್‌ಸ್ಟರ್, ಅಂದರೆ ಬ್ರಿಟನ್ನಿನ ಎಂಜಿ ಕಂಪನಿಯ, ಮಡಚುವ ಟಾಪಿನ ಎರಡು ಸೀಟಿನ ಕಾರು. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಮಾದರಿಯಲ್ಲಿ, ಅಮೆರಿಕಕ್ಕೆ ಹೋಗುತ್ತಿದ್ದ ಕಾರುಗಳಿಗೆ ಮಾತ್ರ 1968ರಿಂದ ಕೆಲವು ವರ್ಷ ದಪ್ಪ ಮೆತ್ತೆಯ ಡ್ಯಾಶ್‌ಬೋರ್ಡ್ ಅಳವಡಿಸಿದ್ದರು. ಅಲ್ಲಿ ಆಗ ಜಾರಿಗೆ ಬಂದ ಸುರಕ್ಷತಾ ನಿಯಮಗಳೇ ಅದಕ್ಕೆ ಕಾರಣ. ಎಂಜಿ ಪ್ರಿಯರು ಅದನ್ನು ‘ಅಬಿಂಗ್ಡನ್ ದಿಂಬು’ ಎಂದು ತಮಾಷೆ ಮಾಡುತ್ತಾರೆ. ನನ್ನ ಕಾರಿನ ದಿಂಬು ಸ್ಪೀಡೋಮೀಟರಿನ ಮೇಲಿಂದ ಮುಂಗಾಜಿನವರೆಗೆ ಬೆರಳು ತೂರುವಷ್ಟು ಬಿರಿದಿತ್ತು. ವರ್ಷಗಟ್ಟಲೆ ಬಿಸಿಲು ತಿಂದ ವಿನೈಲ್ ತನ್ನ ಮೃದುತ್ವವನ್ನು ಕಳೆದುಕೊಂಡು ಕುಗ್ಗುತ್ತದೆ, ಅದರಡಿಯ ಫೋಮ್ ಒಣಗಿದ ಮಣ್ಣಿನಂತೆ ಪುಡಿಯಾಗುತ್ತದೆ. ಅದೇ ಹೊತ್ತಿಗೆ ಮುಂಗಾಜಿನ ಅಲ್ಯೂಮಿನಿಯಂ ಚೌಕಟ್ಟಿನ ಬುಡವೂ ಬಿಳಿ ಪುಡಿ ಉದುರಿಸಲಾರಂಭಿಸಿತ್ತು.

ಇವೆರಡನ್ನೂ ಬೇರೆ ಬೇರೆ ತಿಂಗಳಲ್ಲಿ ಮಾಡಿದರಾಯಿತು ಎಂದುಕೊಂಡಿದ್ದೆ. ಆದರೆ ಚೌಕಟ್ಟಿನ ಎರಡು ಕಾಲುಗಳು ಬಾನೆಟ್ಟಿನ ಹಿಂಬದಿಯ ತಗಡನ್ನು ತೂರಿ ಒಳಗಿಳಿಯುತ್ತವೆ, ಅವುಗಳನ್ನು ಹಿಡಿದಿರುವ ಬೋಲ್ಟುಗಳು ಡ್ಯಾಶ್‌ಬೋರ್ಡಿನ ಎರಡು ತುದಿಗಳ ಹಿಂದೆ ಅಡಗಿವೆ. ಪಾನಾಕ್ಕೆ ಉದ್ದನೆಯ ಎಕ್ಸ್‌ಟೆನ್ಷನ್ ಹಾಕಿ ಕೆಳಗಿನಿಂದಲೇ ಬಿಚ್ಚುವವರೂ ಇದ್ದಾರೆ. ಒಂದು ಮಧ್ಯಾಹ್ನವಿಡೀ ಸೀಟಿನ ಮೇಲೆ ಕಾಲಿಟ್ಟು, ತಲೆಕೆಳಗಾಗಿ ಮಲಗಿ ಪ್ರಯತ್ನಿಸಿದ ಮೇಲೆ, ಅದು ನನ್ನ ವಯಸ್ಸಿನವರ ಕೆಲಸವಲ್ಲ ಎಂದು ತೀರ್ಮಾನಿಸಿ ಡ್ಯಾಶ್‌ಬೋರ್ಡನ್ನೇ ಮೊದಲು ಹೊರತೆಗೆದೆ.

ಮೊಟ್ಟಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು. ಈ ಕಾರಿನಲ್ಲಿ 6 ವೋಲ್ಟಿನ ಎರಡು ಬ್ಯಾಟರಿಗಳು ಸೀಟುಗಳ ಹಿಂದೆ, ನೆಲದಡಿಯಲ್ಲಿ ಸರಣಿಯಾಗಿ ಜೋಡಿಸಲ್ಪಟ್ಟಿರುತ್ತವೆ. ವೈರುಗಳ ಬಣ್ಣಗಳಿಗೆ ಒಂದು ಕ್ರಮವಿರುವುದು ದೊಡ್ಡ ಉಪಕಾರ: ಕಂದು ಎಂದರೆ ಸದಾ ವಿದ್ಯುತ್ತಿರುವ ತಂತಿ, ಬಿಳಿಯದು ಇಗ್ನಿಷನ್ ತಿರುಗಿಸಿದಾಗ ಮಾತ್ರ ಜೀವ ಬರುವಂಥದು, ಹಸಿರು ಅದರದ್ದೇ ಫ್ಯೂಸ್ ದಾಟಿ ಬಂದದ್ದು, ಕಪ್ಪು ಅರ್ತ್. ಆದರೂ ಪ್ರತಿಯೊಂದಕ್ಕೂ ಚೀಟಿ ಅಂಟಿಸಿದೆ, ಏಕೆಂದರೆ ಐವತ್ತು ವರ್ಷ ದಾಟಿದ ಕಾರಿನಲ್ಲಿ ಹಿಂದಿನ ಮಾಲೀಕರು ಯಾವ ಬಣ್ಣದ ತುಂಡನ್ನು ಎಲ್ಲಿ ಸೇರಿಸಿರುತ್ತಾರೋ ಹೇಳಲಾಗದು. ಎಚ್ಚರ ಬೇಕಾದದ್ದು ತಾಪಮಾನದ ಮೀಟರಿನ ವಿಷಯದಲ್ಲಿ. ಅದರಿಂದ ಹೊರಟ ತೆಳು ಲೋಹದ ಕೊಳವೆ ನೇರವಾಗಿ ಎಂಜಿನ್ನಿಗೇ ಹೋಗುತ್ತದೆ. ಅದು ಕಡಿದರೆ ಅಥವಾ ಮಡಚಿ ಒಡೆದರೆ ಮೀಟರ್ ಸತ್ತಂತೆಯೇ. ಹೀಗಾಗಿ ಆ ಮೀಟರನ್ನು ಹಿಂಬದಿಯಿಂದ ಬಿಡಿಸಿ, ಕೊಳವೆಯೊಂದಿಗೇ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕೆ ಕಟ್ಟಿಟ್ಟೆ. ಸ್ಟೀರಿಂಗ್ ಕಂಬವನ್ನು ತುಸು ಕೆಳಗಿಳಿಸಿ, ಮೇಲಂಚಿನ ನಟ್‌ಗಳನ್ನು ಬಿಚ್ಚಿದ ಮೇಲೆ ಇಡೀ ದಿಂಬು ಮಡಿಲಿಗೆ ಬಂತು.

ಚೌಕಟ್ಟು ಕಾರಿನಿಂದ ಹೊರಬಂದದ್ದು ಸುಲಭವಾಗಿ, ಸತಾಯಿಸಿದ್ದು ಆಮೇಲೆ. ಮೇಲಿನ ಪಟ್ಟಿ, ಕೆಳಗಿನ ಪಟ್ಟಿ ಮತ್ತು ಎರಡು ಕಂಬಗಳು ಮೂಲೆಗಳಲ್ಲಿ ಉಕ್ಕಿನ ಸ್ಕ್ರೂಗಳಿಂದ ಸೇರಿರುತ್ತವೆ. ಉಕ್ಕು ಮತ್ತು ಅಲ್ಯೂಮಿನಿಯಂ ಒಂದನ್ನೊಂದು ಮುಟ್ಟಿಕೊಂಡಿದ್ದು ನಡುವೆ ತೇವ ಸೇರಿದರೆ, ಅಲ್ಯೂಮಿನಿಯಂ ಸವೆದು, ಆ ಸವೆತದ ಪುಡಿಯೇ ಸ್ಕ್ರೂವನ್ನು ಗಾರೆ ಹಾಕಿದಂತೆ ಬಿಗಿದು ಹಿಡಿಯುತ್ತದೆ. ಮೂರು ದಿನ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬಿಸಿಗಾಳಿ ಹಾಯಿಸಿ, ಸುತ್ತಿಗೆಯಿಂದ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬಳಸಿದರೂ ಒಂದು ಸ್ಕ್ರೂವಿನ ತಲೆ ಮುರಿದೇ ಹೋಯಿತು. ಅದನ್ನು ನಡುಮಧ್ಯಕ್ಕೆ ಗುರುತು ಹಾಕಿ ಡ್ರಿಲ್ ಮಾಡಬೇಕಾಯಿತು; ಡ್ರಿಲ್ ಬಿಟ್ ಗಟ್ಟಿ ಉಕ್ಕನ್ನು ಬಿಟ್ಟು ಮೃದುವಾದ ಅಲ್ಯೂಮಿನಿಯಂ ಕಡೆಗೆ ಜಾರುವುದರಿಂದ, ಮೊದಲು ಸಣ್ಣ ಬಿಟ್ ಹಾಕಿ, ಅವಸರಪಡದೆ ಹಂತಹಂತವಾಗಿ ದೊಡ್ಡದಕ್ಕೆ ಹೋಗಬೇಕು.

ಹೊಸ ಚೌಕಟ್ಟಿಗೆ ಗಾಜು ಕೂರಿಸುವುದು ಇಬ್ಬರ ಕೆಲಸ. ಗಾಜಿನ ಸುತ್ತ ರಬ್ಬರ್ ಹೊದಿಸಿ, ಅದಕ್ಕೆ ಸೋಪಿನ ನೀರು ಸವರಿ, ಮೊದಲು ಮೇಲಿನ ಹಾಗೂ ಕೆಳಗಿನ ಪಟ್ಟಿಗಳನ್ನು ತೂರಿಸಿ, ನಂತರ ಬೆಲ್ಟುಗಳಿಂದ ಸುತ್ತಲೂ ಕಟ್ಟಿ ಸ್ವಲ್ಪಸ್ವಲ್ಪವೇ ಬಿಗಿದೆವು. ಸ್ಕ್ರೂವಿನ ರಂಧ್ರಗಳು ಎದುರುಬದುರು ಬರುವವರೆಗೆ ರಬ್ಬರ್ ಕಿರುಗುಟ್ಟುತ್ತಲೇ ಇತ್ತು. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ಗಾಜು ಬಿರುಕು ಬಿಡುತ್ತದೆ. ಸ್ಕ್ರೂಗಳಿಗೆ ಈ ಬಾರಿ, ಅವು ಮತ್ತೆ ಬಿಗಿದು ಹಿಡಿಯದಂತೆ ತಡೆಯುವ ಆ್ಯಂಟಿ-ಸೀಜ್ ಲೇಪ ಹಚ್ಚಿದೆ.

ನಾನು ಎಡವಿದ್ದು ಇನ್ನೊಂದು ಕಡೆ. ಚೌಕಟ್ಟಿನ ಕಾಲಿಗೂ ಕಾರಿನ ಮೈಗೂ ನಡುವೆ ತೆಳು ತಗಡಿನ ಬಿಲ್ಲೆಗಳಿದ್ದವು, ಎಡಕ್ಕೆ ಎರಡು, ಬಲಕ್ಕೆ ಮೂರು. ಬಿಚ್ಚುವಾಗ ಅವನ್ನು ಒಂದೇ ಡಬ್ಬಿಗೆ ಹಾಕಿ, ಯಾರೋ ಅಡ್ಡಾದಿಡ್ಡಿಯಾಗಿ ತುರುಕಿರಬೇಕು ಎಂದು ನಗಾಡಿದ್ದೆ. ಹೊಸ ಚೌಕಟ್ಟಿಗೆ ಎರಡೂ ಕಡೆ ಎರಡೆರಡನ್ನೇ ಹಾಕಿ ಬಿಗಿದೆ. ಬಾಗಿಲು ಮುಚ್ಚಿ ನೋಡಿದರೆ, ಬಲಬಾಗಿಲಿನ ಮುಂಬದಿಯ ತ್ರಿಕೋನ ಗಾಜಿಗೂ ಕಂಬದ ರಬ್ಬರಿಗೂ ನಡುವೆ ಬೆಳಕು ಕಾಣುತ್ತಿತ್ತು, ಮಡಚುವ ಟಾಪಿನ ಬಲಗಡೆಯ ಕೊಂಡಿಯಂತೂ ಚೌಕಟ್ಟಿಗೆ ಸಿಕ್ಕಿಕೊಳ್ಳಲೇ ಇಲ್ಲ. ಹಳೆಯ ಕಾರಿನ ಮೈ ಎರಡೂ ಕಡೆ ಒಂದೇ ಅಳತೆಯಲ್ಲಿರುವುದಿಲ್ಲ, ಆ ಮೂರನೆಯ ಬಿಲ್ಲೆಯನ್ನು ಹಾಕಿದವನಿಗೆ ಅದು ಗೊತ್ತಿತ್ತು. ಡ್ಯಾಶ್‌ಬೋರ್ಡ್ ಇನ್ನೂ ಹೊರಗೇ ಇದ್ದದ್ದು ನನ್ನ ಪುಣ್ಯ. ಬೋಲ್ಟುಗಳನ್ನು ಸಡಿಲಿಸಿ, ಬಿಲ್ಲೆ ಸೇರಿಸಿ, ಟಾಪ್ ಏರಿಸಿ, ಬಾಗಿಲುಗಳನ್ನು ಮುಚ್ಚಿಟ್ಟುಕೊಂಡೇ ಮತ್ತೆ ಬಿಗಿಯಲು ಅರ್ಧ ಗಂಟೆ ಸಾಕಾಯಿತು.

ಹಳೆಯ ದಿಂಬಿನ ಫೋಮನ್ನು ಉಕ್ಕಿನ ತಗಡಿಗೇ ಅಚ್ಚು ಹಾಕಿರುವುದರಿಂದ ಮೆತ್ತೆಯನ್ನಷ್ಟೇ ಕಳಚಿ ಬದಲಿಸುವಂತಿರಲಿಲ್ಲ. ಬಿರುಕಿನ ಮೇಲೆ ಅಂಟಿಸುವ ಗಟ್ಟಿ ಕವಚ ಅಗ್ಗವಾದರೂ, ಅದರ ಅಂಚು ಸದಾ ಕಣ್ಣಿಗೆ ಚುಚ್ಚುತ್ತದೆ ಎಂಬುದು ನನ್ನ ಅಭಿಪ್ರಾಯ; ಹಾಗಾಗಿ ಹೊಸ ಫೋಮ್ ಮತ್ತು ಹೊದಿಕೆ ಹಾಕಿಸಿದ ಇನ್ನೊಂದು ಡ್ಯಾಶ್‌ಬೋರ್ಡನ್ನೇ ತರಿಸಿದೆ. ಹೊಸ ಹೊದಿಕೆ ಮೀಟರ್ ರಂಧ್ರಗಳ ಒಳಕ್ಕೆ ಮಡಚಿಕೊಂಡಿದ್ದರಿಂದ ಸ್ಪೀಡೋಮೀಟರ್ ಒಳಹೋಗಲಿಲ್ಲ. ಒಳಮಡಿಕೆಯನ್ನು ಚಿಕ್ಕ ಬ್ಲೇಡಿನಿಂದ ಅಲ್ಲಲ್ಲಿ ಸೀಳಿ, ಬಿಸಿಗಾಳಿಯಿಂದ ಮೆತ್ತಗಾಗಿಸಿ ಕೂರಿಸಿದೆ. ವೈರುಗಳನ್ನು ಜೋಡಿಸಿ, ದೀಪ, ಹಾರ್ನ್, ವೈಪರ್ ಎಲ್ಲವನ್ನೂ ಪರೀಕ್ಷಿಸಿದ ನಂತರವಷ್ಟೇ ಮೇಲಂಚಿನ ನಟ್‌ಗಳನ್ನು ಬಿಗಿದೆ.

ಕೊನೆಗೆ ಮುಂಗಾಜಿನ ಮೇಲೆ ಹತ್ತು ನಿಮಿಷ ಪೈಪಿನಿಂದ ನೀರು ಬಿಟ್ಟು, ಟಾರ್ಚ್ ಹಿಡಿದು ಒಳಗೆ ಕುಳಿತೆ. ಬಲಗಡೆ ಒಣಗಿಯೇ ಇತ್ತು. ಎಡಗಡೆ, ಚೌಕಟ್ಟಿನಡಿಯ ರಬ್ಬರನ್ನು ಒಂದು ಬೆರಳಿನಗಲ ಗಿಡ್ಡವಾಗಿ ಕತ್ತರಿಸಿದ್ದ ಜಾಗದಿಂದ, ನೀರು ಹನಿಹನಿಯಾಗಿ ಇಳಿದು ನನ್ನ ಮೊಣಕಾಲಿಗೇ ಬೀಳುತ್ತಿತ್ತು.