ಶುಗರ್ ಇರುವವರು ಮುದ್ದೆಯ ಗಾತ್ರ ನೋಡಿ

ರಾಗಿ ತಿಂದರೆ ಶುಗರ್ ಏರಲ್ಲ ಅಂತ ನಮ್ಮ ಮನೆಯಲ್ಲೂ ನಂಬಿದ್ದೆವು. ಅಮ್ಮ ಅನ್ನ ಪೂರ್ತಿ ಬಿಟ್ಟು, ಎರಡು ಹೊತ್ತೂ ಎರಡೆರಡು ಮುದ್ದೆ ಉಣ್ಣುತ್ತಿದ್ದರು. ಊಟವಾಗಿ ಎರಡು ಗಂಟೆಗೆ ನೋಡಿದರೆ ಮೀಟರಿನಲ್ಲಿ 240, 250! ಪಾಪ, ಅವರ ತಪ್ಪಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅಕ್ಕಿಗಿಂತ ಸ್ವಲ್ಪ ಕಡಿಮೆ, ಅಷ್ಟೇ. ನಾರು, ಕ್ಯಾಲ್ಸಿಯಂ ಜಾಸ್ತಿ ಅನ್ನೋದು ಮಾತ್ರ ನಿಜ.

ಈಗ ಒಂದೇ ಮುದ್ದೆ, ದೊಡ್ಡ ನಿಂಬೆಹಣ್ಣಿನಷ್ಟು. ಅರ್ಧ ತಟ್ಟೆ ಸೊಪ್ಪಿನ ಪಲ್ಯ, ಪಕ್ಕದಲ್ಲಿ ಮೊಟ್ಟೆ ಅಥವಾ ಕಾಳಿನ ಉಸಲಿ. ಅದನ್ನು ಮೊದಲು ತಿಂದು, ಕೊನೆಗೆ ಮುದ್ದೆ ಮುರಿಯುತ್ತಾರೆ. ಸೊಪ್ಪು, ಮೊಟ್ಟೆ ಮೊದಲು ಹೊಟ್ಟೆಗೆ ಹೋದರೆ ಸಕ್ಕರೆ ನಿಧಾನವಾಗಿ ಏರುತ್ತದೆ. ಈಗ ಹೆಚ್ಚಿನ ದಿನ 170ರ ಒಳಗೇ ಇರುತ್ತದೆ. ರಾಗಿ ಗಂಜಿ ಮಾತ್ರ ನಿಲ್ಲಿಸಿದ್ದೇವೆ, ಕುಡಿದ ತಕ್ಷಣ ಸರ್ರನೆ ಏರುತ್ತಿತ್ತು. ನಿಮಗೆ ಯಾವುದು ಏರಿಸುತ್ತದೆ ಅಂತ ನೀವೇ ಒಂದು ವಾರ ಬರೆದಿಡಿ, ಗೊತ್ತಾಗುತ್ತೆ.

ಒಂದು ಮಾತು ದಯವಿಟ್ಟು ಮರೆಯಬೇಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತಗೊಳ್ಳುವವರು ಊಟ ಕಡಿಮೆ ಮಾಡುವ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ. ಡೋಸ್ ಇಳಿಸಬೇಕಾಗಬಹುದು, ಇಲ್ಲದಿದ್ದರೆ ಶುಗರ್ ತೀರಾ ಕೆಳಗೆ ಬೀಳುತ್ತದೆ. ಬೆವರು, ಕೈ ನಡುಕ ಬಂದು ಮೀಟರಿನಲ್ಲಿ 70ಕ್ಕಿಂತ ಕಡಿಮೆ ಇದ್ದರೆ ಕೂಡಲೇ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಕಿಡ್ನಿ ತೊಂದರೆ ಇರುವವರು ಮೊಟ್ಟೆ, ಕಾಳು ಎಷ್ಟು ತಿನ್ನಬಹುದು ಅಂತಲೂ ಕೇಳಿಕೊಳ್ಳಿ.